ತೊಳೆಯದ ಬಾಯ್ಲರಿಗೆ ಹಚ್ಚಿದ ವಿಭೂತಿ

ಆ ಅಮಾವಾಸ್ಯೆಯಂದು ನಾನು ಬಾಯ್ಲರ್ ತೊಳೆಯಲಿಲ್ಲ. ತೊಳೆಯದೆಯೇ ಅದಕ್ಕೆ ವಿಭೂತಿ ಹಚ್ಚಿದೆ. ಮರುದಿನ ಆ ವಿಭೂತಿಯನ್ನು ನಂಬಿ ನನ್ನ ಅಣ್ಣ ಬೆಂಕಿ ಹೊತ್ತಿಸಿದ. ಸಂಜೆಯೊಳಗೆ ಅವನ ಎರಡೂ ಕೈ, ಕುತ್ತಿಗೆ, ಎಡಗಣ್ಣು ಬೆಂದುಹೋಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಇನ್ನೊಬ್ಬನ ಮೇಲೆ ನಾನು ಸಾಧಿಸಿದ ಹಗೆಯ ಕಥೆ. ಅದನ್ನು ಓದುವಾಗ ನನ್ನನ್ನು ಯಾರೂ ಒಳ್ಳೆಯವನೆಂದು ತಿಳಿಯಬಾರದು.

ಬೆಟಗೇರಿಯ ಹತ್ತಿ ಗಿರಣಿಯೊಂದರಲ್ಲಿ ಅಣ್ಣ ಬಾಯ್ಲರ್ ಡ್ರೈವರ್, ನಾನು ಅವನ ಕೈಕೆಳಗಿನವ. ಬಾಯ್ಲರ್ ಅಂದರೆ ಅಲ್ಲಿ ಒಂದು ಪುಟ್ಟ ರೈಲು ಇಂಜಿನ್. ದೂರದ ಯಾವುದೋ ಕಲ್ಲಿದ್ದಲು ಗಣಿಯಲ್ಲಿ ಸಣ್ಣ ಹಳಿಯ ಮೇಲೆ ಇದ್ದಲಿನ ಡಬ್ಬಿಗಳನ್ನು ಎಳೆದು ಮುಪ್ಪಾದದ್ದು. ಗಿರಣಿಯ ಹಿರಿಯ ಸಾವಕಾರರು ಅದನ್ನು ಹರಾಜಿನಲ್ಲಿ ಹಿಡಿದು, ಲಾರಿಯಲ್ಲಿ ತಂದು, ಗಿರಣಿಯ ಹಿಂದೆ ನಿಲ್ಲಿಸಿದ್ದರು. ನಾಲ್ಕು ಗಾಲಿ, ಬೆನ್ನ ಮೇಲೆ ನೀರಿನ ಟಾಕಿ, ಗಿಡ್ಡ ಚಿಮಣಿ. ಓಡುವ ಕೆಲಸ ತಪ್ಪಿತ್ತು, ಉಗಿ ಕೊಡುವ ಕೆಲಸ ತಪ್ಪಿರಲಿಲ್ಲ. ಅದರ ಉಗಿಯಿಂದಲೇ ನಮ್ಮ ಪ್ರೆಸ್ಸು ಹತ್ತಿಯನ್ನು ಒತ್ತಿ ಗಂಟು ಕಟ್ಟುತ್ತಿತ್ತು.

ನಮ್ಮ ಬಾವಿಗಳ ನೀರು ಸವಳು. ಕುದಿಸಿದಷ್ಟೂ ಸುಣ್ಣ ಕಟ್ಟುತ್ತದೆ. ಅದಕ್ಕೆಂದೇ ಗಿರಣಿಗೆ ರಜೆ ಇರುವ ಅಮಾವಾಸ್ಯೆಗೊಮ್ಮೆ ಬಾಯ್ಲರ್ ಖಾಲಿ ಮಾಡಿ ತೊಳೆಯಬೇಕು. ಗೇಜ್ ಗ್ಲಾಸಿನ ಕೆಳಗಿನ ಕಾಕಿಗೆ, ಅಂದರೆ ತಿರುವಿ ತೆರೆಯುವ ಹಿತ್ತಾಳೆ ನಲ್ಲಿಗೆ, ಕಬ್ಬಿಣದ ತೆಳು ಸಳಿ ಹಾಕಿ ತೂತು ಬಿಡಿಸಬೇಕು. ಗೇಜ್ ಗ್ಲಾಸ್ ಎಂದರೆ ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂಬುದನ್ನು ಹೊರಗೆ ತೋರಿಸುವ ಗಾಜಿನ ನಳಿಗೆ. ಕೆಳಗಿನ ತೂತು ಕಟ್ಟಿಕೊಂಡರೆ, ಒಳಗಿನ ನೀರು ಇಳಿದುಹೋದರೂ ನಳಿಗೆಯ ನೀರು ನಿಂತಲ್ಲೇ ನಿಂತಿರುತ್ತದೆ.

ತೊಳೆದವನು ಎಲ್ಲ ಮುಗಿದ ಮೇಲೆ ಆ ಕಾಕಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚುವುದು ನಮ್ಮ ಗಿರಣಿಯ ರೂಢಿ. ವಿಭೂತಿ ಇದೆಯೆಂದರೆ ತೊಳೆದಿದ್ದಾನೆ, ಸಳಿ ಹಾಕಿ ನೋಡಿದ್ದಾನೆ ಎಂದರ್ಥ. ಮಿಕ್ಕ ದಿನ ಬೆಳಿಗ್ಗೆ ಡ್ರೈವರ್ ಕಾಕನ್ನು ತಿರುವಿ ಪರೀಕ್ಷಿಸುತ್ತಿದ್ದ. ಅಮಾವಾಸ್ಯೆಯ ಮರುದಿನ ಮಾತ್ರ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ತೊಳೆದವನನ್ನೂ ವಿಭೂತಿಯನ್ನೂ ನಂಬಲಿಲ್ಲ ಎಂದಾಗುತ್ತಿತ್ತು.

ಆ ಅಮಾವಾಸ್ಯೆಗೆ ಮುಂಡರಗಿಯಲ್ಲಿ ಕುಸ್ತಿ ಇತ್ತು. ಅಣ್ಣ ಹೆಂಡತಿಯ ಊರಾದ ಯಳವತ್ತಿಗೆ ಹೋಗಿದ್ದ. ನಾನು ಬೆಳಿಗ್ಗೆಯೇ ಮುಂಡರಗಿಯ ಬಸ್ಸು ಹತ್ತಿದೆ. ಹೊತ್ತು ಮುಳುಗುವಾಗ ಬಂದು, ಒಂದು ಚಿಟಿಕೆ ವಿಭೂತಿ ಒದ್ದೆ ಮಾಡಿ ಕಾಕಿಗೆ ಎಳೆದೆ. ಮರುದಿನ ಅಣ್ಣ ಕೇಳಿದ:

“ಸಳಿ ಹಾಕಿದೇನಲೇ?”

“ಹಾಕೇನಿ.”

ಇಷ್ಟೇ ನಾನು ಹೇಳಿದ ಸುಳ್ಳು.

ಈಗ ಸಾವಕಾರನ ಪಾಲು ಹೇಳುತ್ತೇನೆ. ಹಿರಿಯರು ತೀರಿಕೊಂಡು ಮಗ ಗಿರಣಿ ನೋಡಿಕೊಳ್ಳುತ್ತಿದ್ದ ಕಾಲ ಅದು. ಬೆಂಕಿ ಉರಿಯುವ ಪೆಟ್ಟಿಗೆಯ ನೆತ್ತಿಯಲ್ಲಿ ಒಂದು ಹಿತ್ತಾಳೆ ಬಿರಡೆ, ಅದರ ನಡುವೆ ಸೀಸ ಇರುತ್ತದೆ. ಮೇಲೆ ನಿಂತ ನೀರು ಇಳಿದು ನೆತ್ತಿ ಬರಿದಾದರೆ ಸೀಸ ಕರಗಿ, ಉಗಿ ಕಿರುಚುತ್ತ ಬೆಂಕಿಯ ಮೇಲೆ ಬೀಳುತ್ತದೆ. ಡ್ರೈವರಿಗೆ ಅದೇ ಕೊನೆಯ ಎಚ್ಚರಿಕೆ. ಆ ಅಮಾವಾಸ್ಯೆಗೆ ಮೊದಲೇ, ಹತ್ತಿಯ ಹಂಗಾಮಿನ ನಡುವೆ, ಆ ಬಿರಡೆ ಸೋರತೊಡಗಿತ್ತು. ಹೊಸದು ಬರುವವರೆಗೆ ಪ್ರೆಸ್ಸು ನಿಲ್ಲಿಸಬೇಕಿತ್ತು. ಸಾವಕಾರ ಕಮ್ಮಾರನನ್ನು ಕರೆಸಿ ಆ ತೂತಿಗೆ ಗಟ್ಟಿ ಕಬ್ಬಿಣದ ಬೋಲ್ಟ್ ಜಡಿಸಿದ. “ಹಂಗಾಮ ಮುಗೀಲಿ, ಆಮ್ಯಾಲೆ ನೋಡೂಣು” ಎಂದ. ಕಬ್ಬಿಣ ಕರಗುವುದಿಲ್ಲ, ಕಿರುಚುವುದೂ ಇಲ್ಲ.

ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ನೆತ್ತಿಯ ತಗಡು ಕೆಂಪಗೆ ಕಾದು, ಜೋತುಬಿದ್ದು ಹರಿಯಿತು. ಉಗಿ ಬೆಂಕಿಬಾಗಿಲಿನಿಂದ ಅಣ್ಣನ ಮೇಲೆ ಬಂತು. ನಾನು ಇದ್ದಲು ತರಲು ಹೋಗಿದ್ದೆ.

ವಿಚಾರಣೆಗೆ ಬಂದ ಸಾಹೇಬರ ಮುಂದೆ ಸಾವಕಾರ, “ಡ್ರೈವರ ನಿದ್ದಿ ಹೊಡದಾನ್ರೀ, ನೀರ ನೋಡಿಲ್ಲ” ಎಂದ. ಅಣ್ಣ ದವಾಖಾನೆಯಲ್ಲಿ ಮಲಗಿ, “ಗ್ಲಾಸಿನ್ಯಾಗ ಅರ್ಧ ನೀರ ಇತ್ತು” ಎಂದು ಒಂದೇ ಮಾತು ಹೇಳುತ್ತಿದ್ದ. ಯಾರೂ ನಂಬಲಿಲ್ಲ, ಸಾಹೇಬರು ಬಾಯ್ಲರಿನೊಳಗೆ ಇಣುಕಿಯೂ ನೋಡಲಿಲ್ಲ. ಗಿರಣಿಯವರು ಅವನಿಗೆ ಗೊರಕೆ ಡ್ರೈವರ್ ಎಂದು ಹೆಸರಿಟ್ಟರು. ನಾನು ಬೋಲ್ಟಿನ ಮಾತೂ ಎತ್ತಲಿಲ್ಲ, ಕುಸ್ತಿಯ ಮಾತೂ ಎತ್ತಲಿಲ್ಲ. ಒಂದನ್ನು ಎತ್ತಿದರೆ ಇನ್ನೊಂದು ಬರುತ್ತಿತ್ತು. ಅಣ್ಣ ಯಳವತ್ತಿಗೆ ಹೋದ. ನಾನು ಅದೇ ಗಿರಣಿಯಲ್ಲಿ ಅದೇ ಸಾವಕಾರನಿಗೆ ನಮಸ್ಕಾರ ಹೊಡೆಯುತ್ತ, ಕರೆಂಟಿನದಾದ ಪ್ರೆಸ್ಸಿನ ಮೇಲೆ ಗಿರಣಿ ಮುಚ್ಚುವವರೆಗೂ ದುಡಿದೆ. ಆಮೇಲೆ ಸಣ್ಣದೊಂದು ಲೇಥ್ ಅಂಗಡಿ ಇಟ್ಟೆ.

ಆ ನಮಸ್ಕಾರಗಳೆಲ್ಲ ಒಳಗೆ ಹಗೆಯಾಗಿ ಕೂತವು. ಒಂದು ಅಮಾವಾಸ್ಯೆ ತೊಳೆಯದಿದ್ದರೆ ಏನಾಗುತ್ತದೆ, ಬೋಲ್ಟ್ ಜಡಿಯದಿದ್ದರೆ ಅಣ್ಣನಿಗೆ ಏನೂ ಆಗುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಸಾವಕಾರನನ್ನು ಬೈದಷ್ಟೂ ನನ್ನ ಎದೆ ಹಗುರಾಗುತ್ತಿತ್ತು.

ಹೋದ ವರ್ಷ ಅವನೇ ಹೇಳಿಕಳಿಸಿದ. ಗಿರಣಿಯ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿತ್ತು. ಹಿತ್ತಲಲ್ಲಿ ಜಾಲಿ ಕಂಟಿಯ ನಡುವೆ ಇಂಜಿನ್ ಹಾಗೇ ನಿಂತಿತ್ತು. ಹರಿದ ಬಾಯ್ಲರನ್ನು ಆ ಮಧ್ಯಾಹ್ನದ ಮೇಲೆ ಯಾರೂ ಬಿಚ್ಚಿರಲಿಲ್ಲ.

“ಬಾರಲೇ ತಮ್ಮಾ, ಕುಂಡ್ರು,” ಎಂದ ಸಾವಕಾರ. ಮುದುಕನಾಗಿದ್ದ, ದನಿ ಮಾತ್ರ ಹಾಗೇ ಇತ್ತು. “ಇದನ್ನ ಮಂಟಪದ ಮುಂದ ನಿಲ್ಲಿಸಬೇಕು. ಮದಿಮಕ್ಕಳು ಫೋಟೋ ತಗಸ್ತಾರ. ಗಾಲಿ ತಿರಗಬೇಕು, ಸೀಟಿ ಊದಬೇಕು. ಆಗ್ತದೋ?”

“ಉಗಿ ಕೊಡಾಕ ಬರೂದಿಲ್ರೀ. ಕಂಪ್ರೆಸರಿನ ಗಾಳಿ ಕೊಟ್ರ ಸೀಟಿ ಊದ್ತೈತಿ.”

“ಏನರ ಕೊಡು, ಒದರಿದ್ರ ಸಾಕು.” ಆಮೇಲೆ ನಕ್ಕ. “ನಿಮ್ಮಣ್ಣ ಹ್ಯಾಂಗದಾನ? ಇನ್ನೂ ನಿದ್ದಿ ಹೊಡೀತಾನೇನು?”

ನಾನೂ ನಕ್ಕೆ. ನಗುತ್ತಲೇ ಒಪ್ಪಿಕೊಂಡೆ. ಬೋಲ್ಟ್ ಇನ್ನೂ ಆ ನೆತ್ತಿಯಲ್ಲೇ ಇದೆ, ಅದನ್ನು ತೆಗೆಯುವ ಪಾನಾ ನನ್ನ ಕೈಯಲ್ಲಿದೆ. ಮಂಟಪದ ಪೂಜೆಯ ದಿನ ಇವನ ಬೀಗರು, ಲಕ್ಷ್ಮೇಶ್ವರದ ವ್ಯಾಪಾರಸ್ಥರು ಎಲ್ಲರ ಮುಂದೆ ಅದನ್ನು ಎತ್ತಿ ಹಿಡಿಯುತ್ತೇನೆ. ಇಷ್ಟೇ ನನ್ನ ಯೋಜನೆ.

ಜೊತೆಗೆ ನಮ್ಮ ಓಣಿಯ ವೆಲ್ಡರನನ್ನು ಕರೆದುಕೊಂಡೆ. ವಯಸ್ಸಿನಲ್ಲಿ ನನ್ನಷ್ಟೇ, ಮಾತಿನಲ್ಲಿ ನನಗಿಂತ ಬಹಳ. ಮೊದಲ ದಿನ ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, “ಮಾವಾ, ಇದು ಇಂಜಿನ್ನೋ, ಇರವಿ ಗೂಡೋ?” ಎಂದ. ಗಾಲಿಗಳು ಅಚ್ಚಿನವರೆಗೆ ಎರೆಮಣ್ಣಿನಲ್ಲಿ ಹೂತಿದ್ದವು. ಹೊಗೆಪೆಟ್ಟಿಗೆಯಲ್ಲಿ ಕಣಜದ ಗೂಡು. ಬೆನ್ನ ಮೇಲಿನ ಟಾಕಿಯನ್ನು ಬೆರಳಿಂದ ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು.

ಮೊದಲು ಮೇಲೆತ್ತಬೇಕಿತ್ತು. ಸುತ್ತ ಅಗೆದು, ದಿಮ್ಮಿ ಹಾಸಿ, ನಾಲ್ಕು ಮೂಲೆಗೆ ಜಾಕ್ ಕೊಟ್ಟೆವು. ಒಂದು ಗೇಣು ಎದ್ದಿತ್ತು, ಅಷ್ಟರಲ್ಲಿ ಅಕಾಲದ ಮಳೆ ಹೊಡೆಯಿತು. ಎರೆಮಣ್ಣು ಉಬ್ಬಿ ಬೆಣ್ಣೆಯಾಯಿತು. ಒಂದು ಬದಿಯ ದಿಮ್ಮಿ ಕುಸಿದು ಇಂಜಿನ್ ವಾಲಿ, ಚಿಮಣಿ ಹೋಗಿ ಬೇವಿನ ಮರಕ್ಕೆ ಒರಗಿತು. ವೆಲ್ಡರ್ ದೂರ ನಿಂತು, “ಮರಕ್ಕ ಲಗ್ನಾ ಮಾಡಿದಿ ಬಿಡು, ಫೋಟೋಗ್ರಾಫರನ್ನ ಕರಸ್ಲಿ?” ಎಂದ. ಬಿಸಿಲು ಬಿದ್ದು ನೆಲ ಬಿಗಿಯುವವರೆಗೆ ಕೈಕಟ್ಟಿ ಕೂತೆವು. ಆಮೇಲೆ ಹಸಿ ಮಣ್ಣನ್ನೆಲ್ಲ ತೆಗೆದು ಗರಸು ತುಂಬಿ, ಗುದ್ದಿ, ಅದರ ಮೇಲೆ ಹಳಿಯ ಎರಡು ತುಂಡು ಹಾಸಿದೆವು. ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಎಳೆದು ನೆಟ್ಟಗೆ ಮಾಡಿ, ಮತ್ತೆ ಸ್ವಲ್ಪ ಸ್ವಲ್ಪವೇ ಎತ್ತಿದೆವು.

ಗಾಲಿಗಳು ಹಿಡಿದಿದ್ದವು. ಬೇರಿಂಗುಗಳಿಗೆ ಡೀಸೆಲ್ಲೂ ಸೀಮೆಎಣ್ಣೆಯೂ ಕಲಸಿ ಉಣಿಸುತ್ತ ಬಂದೆವು. ಸಡಿಲಾಗದ ನಟ್ಟುಗಳನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ತಣ್ಣಗಾಗುವಾಗ ತಟ್ಟಿ ಬಿಡಿಸಿದೆವು. ಎರಡು ಗಾಲಿಗಳನ್ನು ಜೋಡಿಸುವ ಕಬ್ಬಿಣದ ತೋಳುಗಳಲ್ಲಿ ಒಂದು ಗಿರಣಿಯ ಬಾವಿಯ ಮೇಲೆ ರಾಟೆ ಹೊತ್ತು ಕೂತಿತ್ತು. ಇನ್ನೊಂದು ಸಿಗಲೇ ಇಲ್ಲ. ಸಿಕ್ಕಿದ್ದರ ಅಳತೆ ಇಟ್ಟು ದಪ್ಪ ಪ್ಲೇಟಿನಲ್ಲಿ ಕತ್ತರಿಸಿ, ನನ್ನ ಅಂಗಡಿಯಲ್ಲಿ ತೂತು ಕೊರೆದೆ. ಮೊದಲನೆಯದನ್ನು ಕೂಡಿಸಿದರೆ ಗಾಲಿ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಸವೆದ ತೂತನ್ನೇ ಹೊಸದರ ಅಳತೆಯೆಂದು ಹಿಡಿದಿದ್ದೆ. ಅದನ್ನು ಎಸೆದು ಮತ್ತೊಂದು ಮಾಡಿದೆ. ಟಾಕಿಯ ಕೊಳೆತ ಅಡಿಯನ್ನು ಕತ್ತರಿಸಿ ಹೊಸ ತಗಡು ಕೊಟ್ಟೆವು, ಗಟ್ಟಿಯಿದ್ದ ಮೇಲ್ಭಾಗವನ್ನು ಮೊಳೆ ಸಹಿತ ಹಾಗೇ ಬಿಟ್ಟೆವು. ಸಾವಕಾರನಿಗೆ ಬಂಗಾರದ ಬಣ್ಣ ಬೇಕಿತ್ತು. ನಾನು ತುಕ್ಕು ಕೆರೆದು, ಬಿಸಿ ಅಗಸೆಎಣ್ಣೆ ತಿಕ್ಕಿ, ಕಪ್ಪನ್ನೇ ಬಳಿದೆ. ಕೆರೆಯುವಾಗ ಒಂದು ಬದಿಯಲ್ಲಿ ಗಣಿಯವರು ಬರೆದಿದ್ದ ಬಿಳಿ ಅಂಕಿ ಮಸುಕಾಗಿ ಎದ್ದಿತು. ಅದನ್ನು ಉಳಿಸಿಕೊಂಡೆ. ಹಗೆಯ ಕೆಲಸವಾದರೂ ಕೆಲಸ ಕೆಡಿಸಲು ಕೈ ಒಪ್ಪಲಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ವೆಲ್ಡರನನ್ನು ಚಹಾಕ್ಕೆ ಕಳಿಸಿ, ಬೆಂಕಿಪೆಟ್ಟಿಗೆಯ ಜಾಲರಿ ಕಳಚಿ, ಕೆಳಗಿನಿಂದ ತಲೆ ತೂರಿಸಿ ಬ್ಯಾಟರಿ ಹಿಡಿದೆ. ನೆತ್ತಿಯ ತಗಡು ಚೀಲದಂತೆ ಜೋತಿತ್ತು. ಬದಿಯಲ್ಲಿ ಹರಿದ ಬಾಯಿ. ಮಧ್ಯದಲ್ಲಿ ಬೋಲ್ಟಿನ ಆರು ಮೂಲೆಯ ತಲೆ. ಹಿತ್ತಾಳೆಯಲ್ಲ, ಸೀಸವಲ್ಲ, ಕಬ್ಬಿಣ. ಮಸಿ ಬಾಯೊಳಗೆ ಬೀಳುತ್ತಿದ್ದರೂ ನಾನು ಒಬ್ಬನೇ ಹಲ್ಲು ಕಿರಿದೆ. ಸುತ್ತ ಕಾಯಿಸಿ ಪಾನಾ ಹಾಕಿದಾಗ ಅದು ಕಿರ್ರೆಂದು ತಿರುಗಿತು. ಆ ಸದ್ದು ನನಗೆ ಸಾವಕಾರನ ಗಂಟಲಿನದೇ ಎನ್ನಿಸಿತು.

ಅದೇ ಮಧ್ಯಾಹ್ನ ಬೋಲ್ಟನ್ನು ಅರಿವೆಯಲ್ಲಿ ಸುತ್ತಿಕೊಂಡು ಯಳವತ್ತಿಗೆ ಹೋದೆ. ಅಣ್ಣನ ಮನೆಯಲ್ಲಿ ಕುಕ್ಕರ್ ಇಲ್ಲ. ಅದರ ಸೀಟಿ ಕೇಳಿದರೆ ಅವನು ಎದ್ದು ಹೊರಗೆ ಹೋಗುತ್ತಾನೆಂದು ಅವನ ಹೆಂಡತಿ, ನಮ್ಮ ವೈನಿ, ಎಲ್ಲವನ್ನೂ ಬೋಗುಣಿಯಲ್ಲೇ ಬೇಯಿಸುತ್ತಾರೆ. ಅಣ್ಣ ಕಟ್ಟೆಯ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದ. ಬೆರಳುಗಳು ಒಂದಕ್ಕೊಂದು ಅಂಟಿದ್ದರಿಂದ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿಯುತ್ತಾನೆ. ನಾನು ಬೋಲ್ಟನ್ನು ಅವನ ಮುಂದಿಟ್ಟೆ.

“ಸಿಕ್ತಣ್ಣಾ. ಈಗ ಆ ಮಗನ್ನ ನಾಕ ಮಂದಿ ಮುಂದ ನಿಲ್ಲಿಸ್ತೇನಿ. ನೀನೂ ಬಾ, ನೋಡು.”

ಅಣ್ಣ ಒಂದೇ ಕಣ್ಣಿನಿಂದ ಅದನ್ನು ನೋಡಿದ.

“ಬೋಲ್ಟ ಇದ್ದದ್ದು ನಂಗ ಗೊತ್ತಿತ್ತಲ್ಲೋ. ಜಡಿಯೂವಾಗ ಕಂದೀಲ ಹಿಡದಾವ ನಾನ.”

“ಅವನಿಂದನ ಅಲ್ಲೇನು ನೀ ಹಿಂಗಾಗಿದ್ದು?”

“ಸೀಸಿಲ್ಲಂತ ಗೊತ್ತಿದ್ದಾವ ಗ್ಲಾಸ್ ಮ್ಯಾಲೆ ಡಬಲ್ ನಿಗಾ ಇಡಬೇಕು. ಇಟ್ಟಿದ್ನಿ. ಅರ್ಧ ನೀರ ಕಾಣತಿತ್ತು.” ಲೋಟ ಕೆಳಗಿಟ್ಟ. “ಆದ್ರ ನೀರ ಇದ್ರ ನೆತ್ತಿ ಹ್ಯಾಂಗ ಸುಡತದ? ಎಲ್ಲಾರೂ ಹೇಳೂದ ಖರೇ ಇರಬೇಕು. ಜಂಪ ಹತ್ತಿರಬೇಕು ನಂಗ. ಕನಸಿನ್ಯಾಗ ನೀರ ಕಂಡಿರಬೇಕು.”

ಒಳಗಿನಿಂದ ವೈನಿ, “ಹಗಲೆಲ್ಲಾ ಇದ ಮಾತರೀ ಮೈದುನಾ. ಮಲಗಿದ್ನೇನ, ಮಲಗಿದ್ನೇನ ಅಂತ ನನ್ನ ಕೇಳತಾರ. ನಾ ಅಲ್ಲಿ ಇದ್ನೇನು?” ಎಂದರು.

ಸಾವಕಾರನ ಮಾನ ಹೋದರೆ ಅಣ್ಣನಿಗೆ ಬರುವುದೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅವನ ಕಣ್ಣು. ತನ್ನ ಕಣ್ಣನ್ನೇ ಅವನು ನಂಬುವುದು ಬಿಟ್ಟಿದ್ದ. ಅದನ್ನು ಕೊಡಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ ಎಂದು ಗೊತ್ತಿದ್ದೂ, ಬೋಲ್ಟನ್ನು ಸುತ್ತಿಕೊಂಡು ಸುಮ್ಮನೆ ಎದ್ದು ಬಂದೆ. ಪೂಜೆಗೆ ಬರಬೇಕೆಂದು ಮಾತ್ರ ಇಬ್ಬರಿಗೂ ಹೇಳಿದೆ.

ಉಳಿದದ್ದು ಗೇಜ್ ಗ್ಲಾಸ್. ಗಾಜು ಎಂದೋ ಒಡೆದಿತ್ತು, ಕಾಕುಗಳು ಇದ್ದವು. ಪಾಲಿಶ್ ಮಾಡಲು ಕೆಳಗಿನ ಕಾಕನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಆಚೆಯ ಬೆಳಕು ಕಾಣಲಿಲ್ಲ. ಸಳಿ ಹಾಕಿದೆ. ಒಳಗೆ ಹೋಗುವ ಮೊದಲೇ ಕಲ್ಲಿಗೆ ತಾಗಿದಂತೆ ಟಕ್ ಎಂದಿತು.

“ಡ್ರಿಲ್ ಹೊಡದ್ರ ಹೋಗ್ತದ ಬಿಡು,” ಎಂದ ವೆಲ್ಡರ್. “ಎರಡ ನಿಮಿಷದ ಕೆಲಸ.”

ನಿಜ, ಎರಡು ನಿಮಿಷದ ಕೆಲಸ. ಕಾಕನ್ನು ವೈಸಿಗೆ ಕಚ್ಚಿಸಿದೆ. ಸಳಿಯಷ್ಟೇ ದಪ್ಪದ ಡ್ರಿಲ್ ಆರಿಸಿದೆ. ಈ ತೂತು ತೆರೆದುಬಿಟ್ಟರೆ ಬೋಲ್ಟೊಂದೇ ಉಳಿಯುತ್ತದೆ, ಸಾವಕಾರ ಒಬ್ಬನೇ ಪಾಪಿಯಾಗುತ್ತಾನೆ, ನಾನು ಅಣ್ಣನ ಹಗೆ ತೀರಿಸಿದ ತಮ್ಮನಾಗುತ್ತೇನೆ. ಸ್ವಿಚ್ ಒತ್ತಿದೆ. ತೂತಿನ ಬಾಯಿಯ ಹತ್ತಿರ ಬೆಳ್ಳಗಿನ ಪುಡಿ ಉದುರಿತು. ಒಣಗಿದ ವಿಭೂತಿ ಕೆರೆದರೆ ಹೀಗೇ ಉದುರುತ್ತದೆ. ನನ್ನ ಮೂರು ಬೆರಳಿಗೂ ಅದು ಮೆತ್ತಿಕೊಂಡಿತು.

ಡ್ರಿಲ್ ನಿಲ್ಲಿಸಿದೆ. ಗರಗಸ ತೆಗೆದುಕೊಂಡು ಕಾಕನ್ನು ಉದ್ದಕ್ಕೆ ಎರಡು ಹೋಳು ಮಾಡಿದೆ.

“ಹುಚ್ಚ ಹಿಡೀತೇನ ಮಾವಾ! ಚೊಲೋ ಹಿತ್ತಾಳಿ!” ಎಂದು ವೆಲ್ಡರ್ ಕೂಗಿಕೊಂಡ.

ಹೊರಗೆ ಹಳದಿ ಹಿತ್ತಾಳೆ, ಒಳಗೆ ತುಂಬಿದ ಬಿಳಿಯ ಸುಣ್ಣ. ಒಂದು ಇರುವೆ ದಾಟುವಷ್ಟೂ ದಾರಿ ಇರಲಿಲ್ಲ. ಅದರ ಬದಲಿಗೆ ಹೊಸ ಕಾಕನ್ನು ಲೇಥಿನಲ್ಲಿ ತಿರುವಿ ಇಂಜಿನ್ನಿಗೆ ಕೂಡಿಸಿದೆ. ಹೋಳುಗಳನ್ನು ಏನು ಮಾಡಬೇಕೆಂದು ಆಗಲೂ ಗಟ್ಟಿ ಮಾಡಿಕೊಂಡಿರಲಿಲ್ಲ. ಪೂಜೆಯ ಬೆಳಿಗ್ಗೆ ಒಂದು ಕಿಸೆಯಲ್ಲಿ ಬೋಲ್ಟ್, ಇನ್ನೊಂದು ಕಿಸೆಯಲ್ಲಿ ಹೋಳುಗಳನ್ನು ಇಟ್ಟುಕೊಂಡು ಹೋದೆ. ನಡೆಯುವಾಗ ಎರಡೂ ತೊಡೆಗೆ ಬಡಿಯುತ್ತಿದ್ದವು.

ಇಂಜಿನ್ನಿಗೆ ಹಾರ ಹಾಕಿದ್ದರು. ಶಾಮಿಯಾನದ ಕೆಳಗೆ ಸಾವಕಾರನ ಬಂಧುಬಳಗ. ಅಣ್ಣ, ವೈನಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಸಾವಕಾರ ಅಣ್ಣನನ್ನು ಕಂಡವನೇ ಬೀಗರ ಕಡೆ ತಿರುಗಿ, “ಇಂವ ನೋಡ್ರಿ ನಮ್ಮ ಗೊರಕಿ ಡ್ರೈವರ. ಸೀಟಿ ಊದೂತನಾ ಎಚ್ಚರ ಇರಪಾ!” ಎಂದ. ಮಂದಿ ನಕ್ಕರು. ಅಣ್ಣನೂ ನಕ್ಕ. ಅವನು ನಕ್ಕಿದ್ದನ್ನು ನೋಡಿ ನನ್ನ ಕೈ ಬೋಲ್ಟಿನ ಮೇಲೆ ಬಿಗಿಯಿತು.

ಅಷ್ಟರಲ್ಲಿ ಸಾವಕಾರ ವಿಭೂತಿಯ ತಟ್ಟೆಯನ್ನು ನನ್ನ ಕಡೆ ಚಾಚಿದ. “ನಮ್ಮ ಗಿರಣಿ ರೂಢಿ ಬಿಡಬಾರ್ದು. ತೊಳದಾವ ಹಚ್ಚಬೇಕು. ಹಚ್ಚಲೇ ತಮ್ಮಾ.”

ತಟ್ಟೆ ನನ್ನ ಮುಂದೆ ನಿಂತಿತು. ಕೈ ಮೇಲೇಳಲಿಲ್ಲ.

“ಏನಾತಲೇ? ಹಚ್ಚು.”

“ಹಿಂದ ಒಮ್ಮೆ ತೊಳೀದನ ಹಚ್ಚೇನಿ ಸಾವಕಾರ್ರ. ಇನ್ನ ಹಚ್ಚಾಂಗಿಲ್ಲ,” ಎಂದೆ.

ಬೋಲ್ಟ್ ತೆಗೆದು ಅವನ ತಟ್ಟೆಯೊಳಗೇ ಇಟ್ಟೆ. ವಿಭೂತಿ ಹಾರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. “ಇದು ನಿಮ್ದು. ಸೀಸದ ಜಾಗಾದಾಗ ನೀವು ಜಡಿಸಿದ್ದು. ಇದು ಇರದಿದ್ರ ನಮ್ಮಣ್ಣನ ಕೈ ಇರತಿದ್ವು. ಅಂವ ಮಲಗಿದ್ದಿಲ್ಲ ಅನ್ನೂದು ನಂಗ ಗೊತ್ತೈತಿ. ಯಾಕ ಗೊತ್ತೈತಿ ಅನ್ನೂದನ್ನೂ ಹೇಳ್ತೇನಿ.”

“ಹಳೇದನ್ನ ಈಗ್ಯಾಕ ತಗೀತೀಲೇ, ಮಂಗಳ ಕಾರ್ಯದಾಗ,” ಎಂದು ಸಾವಕಾರ ಗೊಣಗಿದ. ಅವನ ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಸುಳ್ಳು ಹೇಳುವುದಿಲ್ಲ, ರುಚಿಯಾಗಿಯೇ ಇತ್ತು. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಅಲ್ಲಿ ನಿಂತು ಸವಿಯುವಷ್ಟು ಹೊತ್ತು ನನಗಿರಲಿಲ್ಲ. ಹಿಂದಿನ ಕುರ್ಚಿಯವರೆಗೆ ನಡೆದೆ.

ಅಣ್ಣನ ಅಂಗೈಯಲ್ಲಿ ಎರಡು ಹೋಳುಗಳನ್ನು ಇಟ್ಟೆ. ಅದು ಏನೆಂದು ಅವನಿಗೆ ಹೇಳಬೇಕಾಗಲಿಲ್ಲ. ಕಣ್ಣಿನ ಹತ್ತಿರ ಹಿಡಿದು ನೋಡಿದ. ಅಂಟಿದ ಬೆರಳುಗಳ ತುದಿಯಿಂದ ಸುಣ್ಣದ ಮೇಲೆ ಸವರಿದ. ಹೋಳುಗಳನ್ನು ಅಂಗೈಗಳ ನಡುವೆ ಜೋಡಿಸಿ, ಬಾಯಿಟ್ಟು ಉಫ್ ಎಂದು ಊದಿದ. ಗಾಳಿ ಅವನ ಮುಖಕ್ಕೇ ತಿರುಗಿ ಬಂತು.

“ಹಂಗಾದ್ರ ಗ್ಲಾಸಿನ್ಯಾಗ ನೀರ ಇತ್ತು?” ಎಂದ. ಮಗುವಿನಂತೆ ಕೇಳಿದ.

“ಇತ್ತಣ್ಣಾ. ನಿಂತ ನೀರ. ನೀ ಖರೇನ ನೋಡಿದ್ದಿ. ನಿನಗ ಜಂಪ ಹತ್ತಿದ್ದಿಲ್ಲ.” ಅವನ ಕಾಲ ಬಳಿ ನೆಲದ ಮೇಲೆ ಕೂತೆ. ವೈನಿಗೆ ಕೇಳಿಸುವಂತೆ, ಮುಂದೆ ಕೂತವರಿಗೂ ಕೇಳಿಸುವಂತೆ ದನಿ ಎತ್ತಿದೆ.

“ಆವತ್ತ ನಾ ಮುಂಡರಗಿ ಕುಸ್ತಿಗೆ ಹೋಗಿದ್ನಿ. ಸಳಿ ಹಾಕೇನಿ ಅಂದದ್ದು ಸುಳ್ಳು. ತೊಳೀದನ ವಿಭೂತಿ ಹಚ್ಚಿದ್ನಿ. ನನ್ನ ತಪ್ಪಿಗೆ ನೀ ಇಷ್ಟ ವರ್ಷ ನಿನ್ನ ಕಣ್ಣಿನ ಮ್ಯಾಲೆ ಸಂಶೇ ಪಟ್ಟಿ. ತಪ್ಪಾತಣ್ಣಾ.”